ಕಾರಣಾಂತರಗಳಿಂದ ತಡೆಹಿಡಿಯಲಾಗಿದೆ

ಪೊಳಲಿ
೬ ಅಕ್ಟೋಬರ್ ೨೦೨೪

ಪ್ರೀತಿಯ ಶಬ್ನಾ,

ನಿನ್ನ ಎಂಟನೆಯ ತರಗತಿಯ ಮಕ್ಕಳು ಅಂಚೆಚೀಟಿ ಹಚ್ಚಿದ ಕಾಗದವನ್ನೇ ಕಂಡಿಲ್ಲ, ಪತ್ರಲೇಖನದ ಪಾಠಕ್ಕೆ ತೋರಿಸಲಿಕ್ಕಾದರೂ ಒಂದು ಬರೆ ಎಂದು ಕೇಳಿದೆಯಲ್ಲ, ಬರೆಯುತ್ತಿದ್ದೇನೆ. ಹೊರಗಿನ ಲಕೋಟೆ ಮಾತ್ರ ತೋರಿಸು. ಒಳಗಿನದನ್ನು ತರಗತಿಯಲ್ಲಿ ಓದಿದರೆ ನಾನು ಪುತ್ತಿಗೆಯ ದಿಕ್ಕಿಗೆ ತಲೆ ಹಾಕುವುದಿಲ್ಲ.

ನನಗೆ ಕೆಲಸ ಸಿಕ್ಕಿತು. ನಗಬೇಡ, ವಧೂವರ ಕೇಂದ್ರದಲ್ಲಿ. ಬಂಟ್ವಾಳ ಪೇಟೆಯಲ್ಲಿ ರವೂಫಾಕನ ಬೇಕರಿಯ ಮೇಲೆ ಒಂದೇ ಕೋಣೆ. ನಡೆಸುವವರು ವಾಗ್ದೇವಿಯಕ್ಕ, ನಿವೃತ್ತ ಹೈಸ್ಕೂಲು ಟೀಚರ್. ತಮ್ಮ ಹಳೆಯ ವಿದ್ಯಾರ್ಥಿಗಳಿಗೆಲ್ಲ ಮದುವೆ ಮಾಡಿಸಿ ಮುಗಿಯುವ ತನಕ ತಮಗೆ ನಿವೃತ್ತಿ ಇಲ್ಲ ಎನ್ನುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಕೆಳಗೆ ಬನ್ನು ಬೇಯುವ ಪರಿಮಳ ಏಣಿ ಹತ್ತಿ ಬರುತ್ತದೆ, ನನಗೆ ಅಲ್ಲಿಂದ ಹಸಿವು ಶುರು.

ಯಾರೊಡನೆಯೂ ಮಾತನಾಡಲಿಕ್ಕಿಲ್ಲದ ಕೆಲಸ ಇದು, ನನಗೆಂದೇ ಮಾಡಿದ ಹಾಗೆ ಉಂಟು. ವಾಗ್ದೇವಿಯಕ್ಕ ವಾಟ್ಸಾಪಿನಲ್ಲಿ ಸಂಬಂಧ ಮಾತಾಡುವುದಿಲ್ಲ. ಹೆಣ್ಣುಮಕ್ಕಳ ಫೋಟೊ ಊರಿಡೀ ತಿರುಗುತ್ತದೆ ಎಂದು ಅವರ ಭಯ. ಎಲ್ಲವೂ ಇಮೇಲಿನಲ್ಲಿಯೇ ಆಗಬೇಕು. ಒಂದು ಕಡೆಯವರು ಒಪ್ಪುವ ತನಕ ಇನ್ನೊಂದು ಕಡೆಯ ಫೋನ್ ನಂಬರು ಕೊಡುವುದೂ ಇಲ್ಲ. ಆದರೆ ಕೇಂದ್ರದ ವಿಳಾಸ ಊರ ತುಂಬ ಬೋರ್ಡಿನಲ್ಲಿ ಇರುವುದರಿಂದ ಲಾಟರಿಯವರು, ಸಾಲ ಕೊಡುವವರು, ಕೂದಲು ಬೆಳೆಸುವವರು ಎಲ್ಲರೂ ಅದಕ್ಕೇ ಬರೆಯುತ್ತಾರೆ. ಅದಕ್ಕೆ ನಿನ್ನ ನಿಝಾಮಣ್ಣ ಮೆಲ್ಕಾರಿನ ಕಂಪ್ಯೂಟರ್ ಅಂಗಡಿಯಿಂದ ಬಂದು ಒಂದು ಸ್ಪ್ಯಾಮ್ ಫಿಲ್ಟರ್ ಹಾಕಿಕೊಟ್ಟಿದ್ದಾನೆ. ಅನುಮಾನದ ಪತ್ರಗಳನ್ನೆಲ್ಲ ಅದು ಕ್ವಾರಂಟೈನ್ ಎಂಬ ಕಡೆ ಕೂರಿಸುತ್ತದೆ. ಮೂವತ್ತು ದಿನ ಯಾರೂ ಬಿಡಿಸದಿದ್ದರೆ ತಾನಾಗಿ ಅಳಿಸುತ್ತದೆ. ನಾನು ಅವನ್ನು ಓದಿ ‘ಬೇಕು’ ಅಥವಾ ‘ಬೇಡ’ ಒತ್ತಬೇಕು. ನಾನು ಒತ್ತಿದ್ದನ್ನು ನೋಡಿ ನೋಡಿ ಯಾವ ಪದ ಒಳ್ಳೆಯದು, ಯಾವುದು ಕೆಟ್ಟದು ಎಂದು ಅದು ಕಲಿಯುತ್ತದಂತೆ. “ಸಣ್ಣ ಮಗು ಇದ್ದ ಹಾಗೆ. ನೀನು ಹೇಳಿಕೊಟ್ಟದ್ದನ್ನೇ ಹೇಳ್ತದೆ,” ಎಂದ ನಿಝಾಮಣ್ಣ.

ಈ ಮಗು ಮೊದಲ ವಾರ ಮಾಡಿದ್ದೇನು ಗೊತ್ತಾ? ‘ಇಂದೇ ಸಂಪರ್ಕಿಸಿ, ಇಂಥ ಅವಕಾಶ ಮತ್ತೆ ಸಿಗದು’ ಎಂಬ ಪತ್ರವನ್ನು ಕ್ವಾರಂಟೈನಿಗೆ ಹಾಕಿತ್ತು. ಬಿಡಿಸಿ ನೋಡಿದರೆ ಒಬ್ಬ ತಂದೆ ತನ್ನ ಮಗನ ಬಗ್ಗೆ ಬರೆದದ್ದು!

ನಿನ್ನ
ಶುಭಶ್ರೀ

*

ಪುತ್ತಿಗೆ
೧೬ ಅಕ್ಟೋಬರ್ ೨೦೨೪

ಏ ಶುಭಾ,

ಲಕೋಟೆ ಇಡೀ ತರಗತಿ ಸುತ್ತಿ ಬಂತು. ಅಂಚೆಚೀಟಿಯನ್ನು ಒಬ್ಬಳು ಮೂಸಿಯೂ ನೋಡಿದಳು. ಒಳಗಿನದನ್ನು ಓದಲಿಲ್ಲ, ಹೆದರಬೇಡ. ಆದರೆ ಹಾಸ್ಟೆಲಿನ ಟೀಚರುಗಳಿಗೆ ಓದಿದೆ. ಅದನ್ನು ನೀನು ಬೇಡ ಎಂದು ಬರೆದಿರಲಿಲ್ಲವಲ್ಲ.

ಎಂ.ಎ. ತರಗತಿಯಲ್ಲಿ ಸೆಮಿನಾರಿನ ದಿನ ಜ್ವರ ಬರಿಸಿಕೊಳ್ಳುತ್ತಿದ್ದವಳು ನೀನು. ಈಗ ಊರಿನ ಅರ್ಧ ಜನರ ಮದುವೆ ನಿನ್ನ ಒಂದು ಬೆರಳಿನಲ್ಲಿ ಉಂಟು! ನನಗೆ ಒಂದು ಹೇಳು ಮಾರಾಯ್ತಿ, ನಿಜದ ಪತ್ರ ಯಾವುದು, ಮೋಸದ್ದು ಯಾವುದು ಎಂದು ನಿನಗಾದರೂ ಹೇಗೆ ಗೊತ್ತಾಗುತ್ತದೆ? ನಮ್ಮ ಉಮ್ಮನಿಗೆ ಮೊನ್ನೆ ಯಾರೋ ಕಾರು ಬಹುಮಾನ ಬಂದಿದೆ ಎಂದು ಫೋನು ಮಾಡಿದರು. ಉಮ್ಮ, “ನನಗೆ ಕಾರು ಬಿಡ್ಲಿಕ್ಕೆ ಬರುವುದಿಲ್ಲ, ಡ್ರೈವರನ್ನೂ ಕಳಿಸಿ” ಎಂದು ಅವನ ತಲೆ ತಿಂದರು, ಕೊನೆಗೆ ಅವನೇ ಫೋನು ಇಟ್ಟ.

ಬೇಗ ಬರೆ. ಈ ಸಲ ಬೇರೆ ಅಂಚೆಚೀಟಿ ಹಚ್ಚು, ಮಕ್ಕಳು ಕೇಳಿದ್ದಾರೆ.

ಶಬ್ನಾ

*

ಪೊಳಲಿ
೨೭ ಅಕ್ಟೋಬರ್ ೨೦೨೪

ಪ್ರೀತಿಯ ಶಬ್ನಾ,

ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆಯಲ್ಲ, ನಾನು ಕಂಡುಹಿಡಿದದ್ದು ಇಷ್ಟು. ಮೋಸದ ಪತ್ರಗಳಿಗೆ ಸಿಟ್ಟೇ ಬರುವುದಿಲ್ಲ. ಅವು ಮೊದಲಿಂದ ಕೊನೆಯ ತನಕ ಬೆಲ್ಲ. ನಿಜವಾದ ಮನುಷ್ಯರು ಬರೆದರೆ ಎಲ್ಲಾದರೂ ಒಂದು ಗೊಣಗಾಟ ಇಣುಕುತ್ತದೆ: ‘ಹೋದ ತಿಂಗಳೂ ಬರೆದಿದ್ದೆ’, ‘ನಿಮ್ಮ ಏಣಿಗೆ ಒಂದು ಕೈಹಿಡಿ ಹಾಕಿಸಬಾರದಾ’. ಅಂಥವನ್ನೆಲ್ಲ ನಾನು ‘ಬೇಕು’ ಒತ್ತಿ ಬಿಡಿಸುತ್ತೇನೆ.

ಇನ್ನು ನನಗೆ ತುಂಬ ಇಷ್ಟವಾದವು ನಿರಾಕರಣೆಯ ಪತ್ರಗಳು. ಸಂಬಂಧ ಬೇಡ ಎನ್ನುವಾಗ ನಮ್ಮವರು ಎಷ್ಟು ಚಂದದ ಕನ್ನಡ ಬರೆಯುತ್ತಾರೆ ಶಬ್ನಾ! ‘ಕಾರಣಾಂತರಗಳಿಂದ ಸದರಿ ಸಂಬಂಧವನ್ನು ಮುಂದುವರಿಸಲು ಅಸಾಧ್ಯವಾಗಿರುವುದಕ್ಕೆ ವಿಷಾದಿಸುತ್ತೇವೆ.’ ಒಂದು ಒತ್ತಕ್ಷರವೂ ತಪ್ಪಿರುವುದಿಲ್ಲ. ಬಂದದ್ದಕ್ಕೆಲ್ಲ ಪ್ರೀತಿಯಿಂದ ‘ಬೇಕು’ ಒತ್ತಿದ್ದೇನೆ. ಈಗ ದೀಪಾವಳಿ ಬಂತಲ್ಲ, ಜಾಹೀರಾತಿನ ಕಾಟ ಹೇಳಿ ಸುಖವಿಲ್ಲ. ಚಿನ್ನದ ಬಳೆ, ಗಾಜಿನ ಬಳೆ, ಬಾಳೆಕಾಯಿ ಚಿಪ್ಸು, ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಒಂದು ದಿನ ಕೂತು ಅಷ್ಟಕ್ಕೂ ‘ಬೇಡ’ ಒತ್ತಿ ಒತ್ತಿ ಬೆರಳು ನೋಯಿತು. ಮರುವಾರದಿಂದ ಒಂದೂ ಒಳಗೆ ಬರಲಿಲ್ಲ. ನಿಝಾಮಣ್ಣ ಬಂದು ನೋಡಿ, “ಪಾಸಾಯ್ತು ನಿನ್ನ ಮಗು. ಇನ್ನು ದಿನಾ ಕ್ವಾರಂಟೈನ್ ತೆರೆದು ನೋಡುವ ಅಗತ್ಯ ಇಲ್ಲ,” ಎಂದ. ನಾನು ಹೇಳಿಕೊಟ್ಟು ಪಾಸಾದ ಮೊದಲ ವಿದ್ಯಾರ್ಥಿ! ಬೇಕರಿಯಿಂದ ಬನ್ನು ತರಿಸಿ ಮೂವರೂ ತಿಂದೆವು.

ಮೊನ್ನೆ ನಿಮ್ಮ ಮೂಡಬಿದಿರೆಯಿಂದ ಮುರಳಿ ಎಂಬವರು ಹೆಸರು ಬರೆಸಲು ಬಂದಿದ್ದರು. ಫೋಟೊಗಳಿಗೆ ಫ್ರೇಮು ಹಾಕುವ ಅಂಗಡಿ ಇಟ್ಟಿದ್ದಾರೆ. ನನಗಿಂತಲೂ ನಾಚಿಕೆಯ ಮನುಷ್ಯರು ಇದ್ದಾರೆ ಎಂದು ಅವರನ್ನು ನೋಡಿದ ಮೇಲೆ ಗೊತ್ತಾಯಿತು. ‘ನಿಮ್ಮ ಬಗ್ಗೆ ಎರಡು ಮಾತು’ ಎಂದಿದ್ದ ಕಡೆ ಅರ್ಧ ಗಂಟೆ ಯೋಚಿಸಿ ‘ಬಸ್ಸಿನಲ್ಲಿ ಕಿಟಕಿಯ ಸೀಟು ಬಿಟ್ಟುಕೊಡುತ್ತೇನೆ’ ಎಂದು ಬರೆದರು. ಬೆಳ್ತಂಗಡಿಯ ತುಕ್ರಪ್ಪನವರ ಮಗಳು ಶ್ರಾವ್ಯಾ ನಮ್ಮ ಪಟ್ಟಿಯಲ್ಲಿ ಇದ್ದಾಳೆ, ಆಸ್ಪತ್ರೆಯಲ್ಲಿ ನರ್ಸು, ಪಟಪಟ ಮಾತಿನವಳು. ಇವರಿಬ್ಬರಿಗೆ ಜೋಡಿ ಆಗುತ್ತದೆ ಎಂದು ವಾಗ್ದೇವಿಯಕ್ಕ ಅಂದೇ ಮುರಳಿಯವರ ವಿವರ ಬೆಳ್ತಂಗಡಿಗೆ ಕಳಿಸಿದ್ದಾರೆ. ನನಗೂ ಹಾಗೆಯೇ ಅನಿಸುತ್ತದೆ.

ನಿನ್ನ
ಶುಭಶ್ರೀ

*

ಪೊಳಲಿ
೧೭ ನವೆಂಬರ್ ೨೦೨೪

ಪ್ರೀತಿಯ ಶಬ್ನಾ,

ಈ ಕಾಗದದಲ್ಲಿ ತಮಾಷೆ ಏನೂ ಇಲ್ಲ.

ದೀಪಾವಳಿ ಕಳೆದ ಮೇಲೆ ಒಂದೇ ಒಂದು ಸಂಬಂಧ ಕೂಡಿಲ್ಲ. ಬರುವುದೆಲ್ಲ ‘ಕಾರಣಾಂತರಗಳಿಂದ’. ಬೇಡ ಎನ್ನುವವರು ಮಾತ್ರ ಬರೆಯುತ್ತಾರೆ, ಉಳಿದವರು ಸುಮ್ಮನಿದ್ದಾರೆ. ಬೆಳ್ತಂಗಡಿಯಿಂದಲೂ ಉತ್ತರ ಇಲ್ಲ. ಮುರಳಿಯವರು ಎರಡು ಸಲ ಫೋನು ಮಾಡಿ, “ಬೇಡ ಅಂತಾದ್ರೂ ಹೇಳಿದ್ದಾರಾ ಮೇಡಂ?” ಎಂದು ಮೆಲ್ಲಗೆ ಕೇಳಿದರು. ಉತ್ತರ ಕೊಡದವರಿಗೆ ಮತ್ತೆ ಬರೆಯೋಣವಾ ಎಂದು ಕೇಳಿದರೆ ವಾಗ್ದೇವಿಯಕ್ಕ ಬೇಡವೆಂದು ತಲೆಯಾಡಿಸಿದರು. “ಒಪ್ಪಿಗೆ ಇದ್ದರೆ ಬರೀತಿದ್ರು. ಇಲ್ಲ ಅಂತ ಹೇಳ್ಲಿಕ್ಕೆ ಸಂಕೋಚ ಆಗಿ ಸುಮ್ಮನಿದ್ದಾರೆ. ಅವರನ್ನು ಚುಚ್ಚುವುದು ಬೇಡ.”

ನಿನ್ನೆ ಅವರು ಕೆಳಗಿಳಿದು ರವೂಫಾಕನ ಹತ್ತಿರ, ಡಿಸೆಂಬರ್ ಕೊನೆಗೆ ಕೋಣೆ ಬಿಡುತ್ತೇನೆ ಎಂದು ಹೇಳಿ ಬಂದರು. “ಜನರಿಗೆ ಈಗ ನಾವು ಬೇಡ ಮಗಾ. ಮೊಬೈಲಿನಲ್ಲೇ ನೋಡಿ ಮೊಬೈಲಿನಲ್ಲೇ ಬಿಡ್ತಾರೆ. ಟೀಚರ್ ಹೇಳಿದರು ಅಂತ ಒಪ್ಪುವ ಕಾಲ ಹೋಯ್ತು.” ಇಷ್ಟು ಹೇಳಿ ಹಳೆಯ ಮದುವೆ ಕಾಗದಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ತುಂಬಲು ಕೂತರು. ನಾನು ಟೇಪು ಹಚ್ಚಿ ಕೊಡುತ್ತಿದ್ದೆ.

ನಾನು ಬಂದು ಎರಡು ತಿಂಗಳು ಆಗಲಿಲ್ಲ, ಕೇಂದ್ರವೇ ಮುಚ್ಚುತ್ತಿದೆ. ನನ್ನ ಕಾಲ್ಗುಣ ಎಂದು ಅವರು ಹೇಳಲಿಲ್ಲ. ಹೇಳುವವರೂ ಅಲ್ಲ. ಆದರೆ ಬೆಳಿಗ್ಗೆ ಬಸ್ಸಿಳಿದು ಆ ಏಣಿ ಹತ್ತುವಾಗ ನನಗೆ ಎಷ್ಟು ಖುಷಿಯಾಗುತ್ತಿತ್ತು ಎಂದು ಅವರಿಗೆ ಹೇಳಬೇಕಿತ್ತು. ಹೇಳಲಿಲ್ಲ.

ಶುಭಶ್ರೀ

*

ಪುತ್ತಿಗೆ
೨೧ ನವೆಂಬರ್ ೨೦೨೪

ಶುಭಾ,

ಕಾಲ್ಗುಣವಂತೆ! ಇನ್ನೊಮ್ಮೆ ಹಾಗೆ ಬರೆದರೆ ಬಂಟ್ವಾಳಕ್ಕೆ ಬಂದು ಆ ಕಾಲಿಗೇ ಬಾರಿಸುತ್ತೇನೆ.

ನನಗೆ ಒಂದೇ ಅನುಮಾನ. ನಮ್ಮ ಕಡೆ ಸಂಬಂಧ ಮಾತಾಡುವಾಗ ಜಗಳ ಆಗದ ದಿನ ಇಲ್ಲ. ನಿಝಾಮಣ್ಣನ ಮದುವೆಯಲ್ಲಿ ಊಟಕ್ಕೆ ಮೊದಲು ಒಂದು, ಊಟವಾದ ಮೇಲೆ ಒಂದು ಆಗಿತ್ತು. ನಿಜವಾದ ಮನುಷ್ಯರು ಗೊಣಗುತ್ತಾರೆ ಎಂದು ನೀನೇ ಬರೆದಿದ್ದೆ. ಇಷ್ಟು ದಿನದಲ್ಲಿ ನಿಮ್ಮನ್ನು ಒಬ್ಬರಾದರೂ ಬೈದರಾ? ಬೇಡ ಎಂದವರು ಅಷ್ಟು ಮರ್ಯಾದೆಯಲ್ಲಿ ಬರೆಯುತ್ತಾರೆ, ಉಳಿದವರು ಗೊಣಗುವುದೂ ಇಲ್ಲ ಎಂದರೆ ನನಗೆ ನಂಬಿಕೆ ಬರುವುದಿಲ್ಲ. ನಮ್ಮ ಜಿಲ್ಲೆಯ ಜನ ಇಷ್ಟು ಸಾಧು ಆದದ್ದು ಯಾವಾಗ?

ವಾಗ್ದೇವಿಯಕ್ಕನಿಗೆ ಆ ಏಣಿಯ ಮಾತು ಹೇಳು. ಸಾಧ್ಯವಾಗದಿದ್ದರೆ ಕಾಗದ ಬರೆದು ಮೇಜಿನ ಮೇಲಿಡು.

ಶಬ್ನಾ

*

ಪೊಳಲಿ
೨೯ ನವೆಂಬರ್ ೨೦೨೪

ನನ್ನ ಶಬ್ನಾ,

ಬೈದರು! ನಿನ್ನೆ ಹನ್ನೊಂದು ಗಂಟೆಗೆ, ಬೇಕರಿಯವರು ಕೈಯಲ್ಲಿದ್ದ ಬನ್ನು ಬಿಟ್ಟು ಮೇಲೆ ನೋಡುವ ಹಾಗೆ ಬೈದರು.

ಏಣಿಯಲ್ಲಿ ದಡದಡ ಸದ್ದಾಯಿತು. ಬೆಳ್ತಂಗಡಿಯ ತುಕ್ರಪ್ಪನವರು. ಬಸ್ಸಿನ ಟೈಂಕೀಪರ್ ಆಗಿದ್ದವರು, ಸ್ವರಕ್ಕೆ ಮೈಕು ಬೇಡ.

“ಟೀಚರೇ, ನೀವು ನನ್ನ ಮಗಳಿಗೆ ಪಾಠ ಹೇಳಿಕೊಟ್ಟವರು ಅಂತ ಇಷ್ಟು ದಿನ ಸುಮ್ಮನಿದ್ದೆ. ಮನೆಗೆ ಬಲೆ, ಬನ್ನಿ ಅಂತ ಹೇಳಿ ಮೂರು ವಾರ ಆಯ್ತು. ಒಬ್ಬ ಬಂದದ್ದಿಲ್ಲ. ಅಂಗಳಕ್ಕೆ ಎರಡು ಸಲ ಸೆಗಣಿ ಸಾರಿಸಿ ಆಯ್ತು. ಬರುವುದಿಲ್ಲ ಅಂತ ಒಂದು ಮಾತು ಹೇಳ್ಲಿಕ್ಕೆ ಆ ಮೂಡಬಿದಿರೆಯವರಿಗೆ ಎಂಥ ಧಾಡಿ?”

“ಯಾವಾಗ ಹೇಳಿದಿರಿ ತುಕ್ರಪ್ಪಣ್ಣ? ನಮಗೆ ಬರಲೇ ಇಲ್ಲವಲ್ಲ.”

“ಇಮೇಲು ಮಾಡಿದ್ದೇವೆ! ಮಗಳೇ ಕೂತು ಟೈಪು ಮಾಡಿದ್ದು.”

“ಒಂದು ಫೋನಾದರೂ ಮಾಡಬಾರದಿತ್ತಾ?”

“ಎಂಥ ಮಾತು ಟೀಚರೇ! ಹೆಣ್ಣಿನ ಕಡೆಯವರು ಎರಡೆರಡು ಸಲ ಬಲೆ ಹೇಳ್ಲಿಕ್ಕುಂಟಾ?”

ನಾನು ಮೂಲೆಯಲ್ಲಿ ಕೂತವಳು ಆ ಹೊತ್ತಿಗೆ ಕ್ವಾರಂಟೈನ್ ತೆರೆದಿದ್ದೆ. ಒಂದು ತಿಂಗಳಿನಿಂದ ತೆರೆದಿರಲಿಲ್ಲ. ತುಕ್ರಪ್ಪನವರದ್ದು ಅಲ್ಲಿತ್ತು. ‘ಒರ ಇಲ್ಲಡೆ ಬಲೆ’, ಒಮ್ಮೆ ಮನೆಗೆ ಬನ್ನಿ, ಎಂದು ತುಳುವಿನಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ. ಅದರ ಕೆಳಗೆ ಪುಂಜಾಲಕಟ್ಟೆಯ ಒಂದು ಮನೆಯವರದ್ದು, ‘ಆಯ್ತಾರ ಬಲೆ’, ಭಾನುವಾರ ಬನ್ನಿ. ಸಿದ್ದಕಟ್ಟೆಯವರದ್ದು, ‘ಮಾತೆರ್ಲಾ ಬಲೆ’, ಎಲ್ಲರೂ ಬನ್ನಿ. ಬಲೆ, ಬಲೆ, ಬಲೆ, ಪುಟ ತಿರುಗಿಸಿದರೂ ಮುಗಿಯಲಿಲ್ಲ. ನಿಝಾಮಣ್ಣನಿಗೆ ಫೋನು ಮಾಡಿದೆ. “ಯಾವ ಪದಕ್ಕೆ ಕೆಟ್ಟದ್ದು ಅಂತ ಅಂಕ ಹಾಕಿದೆ ನೋಡು,” ಎಂದ. ನೋಡಿದರೆ ಬಿ, ಎ, ಎಲ್, ಇ.

ನಿನಗೆ ಗೊತ್ತಾಯಿತಲ್ಲ? ಇಂಗ್ಲಿಷ್ ಅಕ್ಷರದಲ್ಲಿ ಬಳೆಯೂ ಅದೇ, ಬಾಳೆಯೂ ಅದೇ, ತುಳುವಿನ ಬಲೆಯೂ ಅದೇ. ದೀಪಾವಳಿಯ ಬಳೆಗಳಿಗೆ ನಾನು ‘ಬೇಡ’ ಒತ್ತಿದ್ದು ಎಲ್ಲರ ಕರೆಯ ಮೇಲೂ ಬಿದ್ದಿದೆ. ನಮ್ಮವರಲ್ಲಿ ಯಾರು ‘ಸಂಬಂಧ ಒಪ್ಪಿಗೆ’ ಎಂದು ಬರೆಯುತ್ತಾರೆ ಹೇಳು! ಬೇಡವಾದರೆ ಕನ್ನಡದಲ್ಲಿ ‘ಕಾರಣಾಂತರಗಳಿಂದ’, ಮನಸ್ಸಾದರೆ ತುಳುವಿಗೆ ಇಳಿದು ‘ಬಲೆ’. ನಾನು ನನ್ನ ಮಗುವಿಗೆ ಚಂದದ ಕನ್ನಡವನ್ನೆಲ್ಲ ಒಳಗೆ ಬಿಡಲು, ಊರಿನ ಒಪ್ಪಿಗೆಯನ್ನೆಲ್ಲ ಹೊರಗೆ ಕೂರಿಸಲು ಕಲಿಸಿದ್ದೆ. ಎಲ್ಲಕ್ಕಿಂತ ಹಳೆಯದು ಅಳಿಸಿಹೋಗಲು ಇನ್ನೆರಡೇ ದಿನ ಉಳಿದಿತ್ತು.

ಎದ್ದು ನಿಂತೆ. “ವಾಗ್ದೇವಿಯಕ್ಕ, ನಾನು ತಡೆದದ್ದು,” ಎಂದೆ. ಸ್ವರ ಎಷ್ಟು ದೊಡ್ಡದು ಬಂತೆಂದರೆ ತುಕ್ರಪ್ಪನವರೇ ಹಿಂದೆ ಸರಿದರು.

ವಾಗ್ದೇವಿಯಕ್ಕ ಕನ್ನಡಕ ಹಾಕಿ, ಪರದೆಯ ಹತ್ತಿರ ಮುಖ ತಂದು ಒಂದೊಂದೇ ಓದಿದರು. ಅರ್ಧಕ್ಕೆ ಬರುವಾಗ ಅವರ ಭುಜ ಅಲುಗಲು ಶುರುವಾಯಿತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು ಶಬ್ನಾ, ಉಸಿರು ಕಟ್ಟುವ ಹಾಗೆ ನಗುತ್ತಿದ್ದರು. “ಅಯ್ಯೋ, ಇಷ್ಟು ಜನ ಒಪ್ಪಿದ್ದಾರಾ? ಇಷ್ಟು ವರ್ಷದಲ್ಲಿ ಒಂದೇ ತಿಂಗಳಿಗೆ ಇಷ್ಟು ಜನ ಒಪ್ಪಿದ್ದೇ ಇಲ್ಲವಲ್ಲ ಮಗಾ!”

ತುಕ್ರಪ್ಪನವರಿಗೆ ಕೂತು ವಿವರಿಸಿದೆವು. ಪೂರ್ತಿ ಅರ್ಥವಾಗಲಿಲ್ಲ, ಆದರೆ ಸಿಟ್ಟು ಇಳಿಯಿತು. “ಹಾಗಾದ್ರೆ ಆಯ್ತಾರ ಬನ್ನಿ. ಹುಡುಗನ ಕಡೆಯವರೂ ಬರ್ಲಿ. ಆ ಕಂಪ್ಯೂಟರಿಗೆ ಪಾಠ ಹೇಳಿದವರೂ ಬರಬೇಕು. ನನಗೆ ಅವರನ್ನು ಒಮ್ಮೆ ಸರಿಯಾಗಿ ನೋಡ್ಲಿಕ್ಕುಂಟು,” ಎಂದು ಬನ್ನು ತಿಂದು ಹೋದರು.

ಮತ್ತೆ ವಾಗ್ದೇವಿಯಕ್ಕ ಫೋನನ್ನು ನನ್ನ ಮುಂದೆ ಇಟ್ಟರು. ಕರೆದ ಮನೆಗಳಿಗೆಲ್ಲ ನಾನೇ ಮಾಡಬೇಕಂತೆ. ಮೊದಲನೆಯ ಮನೆಗೆ ಹೇಳಬೇಕಾದದ್ದನ್ನು ಕಾಗದದಲ್ಲಿ ಬರೆದಿಟ್ಟು ಓದಿದೆ. ಸಂಜೆಯಾಗುವಾಗ ಸಿದ್ದಕಟ್ಟೆಯ ಅಜ್ಜಿಯೊಬ್ಬರ ಮಂಡಿನೋವಿಗೆ ಎಣ್ಣೆ ಯಾವುದು ಒಳ್ಳೆಯದು ಎಂದು ಕೂಡ ನಾನು ಹೇಳುತ್ತಿದ್ದೆ.

ನಿನ್ನ
ಶುಭಶ್ರೀ

*

ಪುತ್ತಿಗೆ
೪ ಡಿಸೆಂಬರ್ ೨೦೨೪

ಶುಭಾ,

ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಹಾಸ್ಟೆಲಿನ ಟೀಚರುಗಳೆಲ್ಲ ಈಗ ತಮ್ಮ ತಮ್ಮ ಸ್ಪ್ಯಾಮ್ ತೆರೆದು ನೋಡುತ್ತಿದ್ದಾರೆ. ವಿಜ್ಞಾನದ ಟೀಚರಿಗೆ ಹೋದ ವರ್ಷದ ಗೃಹಪ್ರವೇಶದ ಕರೆ ಸಿಕ್ಕಿತು.

ನಿಝಾಮಣ್ಣ ಮನೆಯಲ್ಲಿ ಏನೂ ಹೇಳಲಿಲ್ಲ. ಮಗು ಪಾಸಾಯಿತು, ದಿನಾ ನೋಡುವುದು ಬೇಡ ಎಂದವನು ಅವನೇ ಅಲ್ಲವಾ? ನಾನು ಉಮ್ಮನಿಗೆ ಹೇಳಿಬಿಟ್ಟೆ. ಈಗ ಉಮ್ಮ ಅವನನ್ನು ಊಟಕ್ಕೆ ಕರೆಯುವುದೂ “ಬಲೆ, ಬಲೆ” ಎಂದೇ. ನಮ್ಮ ಬ್ಯಾರಿ ಮಾತನ್ನೇ ಬಿಟ್ಟಿದ್ದಾರೆ.

ಬೆಳ್ತಂಗಡಿಯಲ್ಲಿ ಏನಾಯಿತು ಎಂದು ಬರೆ. ಕೋಣೆಯ ವಿಷಯವನ್ನೂ ಬರೆ. ಅಕ್ಕ ಬಿಡುತ್ತಾರಾ, ಇಲ್ಲವಾ?

ಶಬ್ನಾ

*

ಪೊಳಲಿ
೧೦ ಡಿಸೆಂಬರ್ ೨೦೨೪

ಪ್ರೀತಿಯ ಶಬ್ನಾ,

ಒಂದು ವಾರ ತಡವಾಗಿ, ಮೊನ್ನೆ ಭಾನುವಾರ ಹೋಗಿ ಬಂದೆವು. ಮುರಳಿಯವರ ಅಮ್ಮನಿಗೆ ಜ್ವರ ಇಳಿಯುವ ತನಕ ಕಾಯಬೇಕಾಯಿತು. ಈ ಸಲ ತಡವನ್ನು ನಾನೇ ಫೋನು ಮಾಡಿ ತುಕ್ರಪ್ಪನವರಿಗೆ ತಿಳಿಸಿದ್ದೆ.

ಅಂಗಳಕ್ಕೆ ಮೂರನೆಯ ಸಲ ಸಾರಿಸಿದ್ದರು. ನಾನು ಮೆಟ್ಟಿಲು ಹತ್ತುವಾಗಲೇ ತುಕ್ರಪ್ಪನವರು ಒಳಗೆ ಕೂಗಿ ಹೇಳಿದರು, “ಹೋ, ಕಂಪ್ಯೂಟರ್ ಟೀಚರ್ ಬಂದ್ರು! ಇವರಿಗೆ ನೀರುದೋಸೆ ಎರಡು ಜಾಸ್ತಿ ಹಾಕಿ. ಬೇಡ ಅಂದ್ರೆ ಕೇಳಬೇಡಿ, ಇವರಿಗೆ ಬೇಕು ಬೇಡ ಸರಿಯಾಗಿ ಗೊತ್ತಿಲ್ಲ.” ಇಡೀ ಚಾವಡಿ ನಕ್ಕಿತು. ನಾನೂ ನಕ್ಕೆ. ನಾಲ್ಕು ದೋಸೆ ತಿಂದೆ, ಕಾಯಿ ಬೆಲ್ಲ ಹಾಕಿ.

ಮುರಳಿಯವರು ತಲೆ ತಗ್ಗಿಸಿ ತಟ್ಟೆಯನ್ನೇ ನೋಡುತ್ತಿದ್ದರು. ಶ್ರಾವ್ಯಾ ನೇರ ಬಂದು ಎದುರಿನ ಬೆಂಚಿನಲ್ಲಿ ಕೂತಳು.

“ಅಷ್ಟು ದಿನ ಉತ್ತರ ಬರ್ಲಿಲ್ಲ ಅಂತ ಸುಮ್ಮನೆ ಕೂತಿರಾ? ಅಂಗಡಿಗೆ ಗ್ಲಾಸು ಬರದಿದ್ರೂ ಹೀಗೆಯೇ ಕೂರ್ತೀರಾ?”

“ಕೂತಿಲ್ಲ,” ಎಂದರು ಮುರಳಿಯವರು. “ಬಂದಿದ್ದೆ.”

“ಎಲ್ಲಿಗೆ?”

“ಬೆಳ್ತಂಗಡಿಗೆ. ಬಸ್‌ಸ್ಟ್ಯಾಂಡಿನ ತನಕ.” ತಟ್ಟೆಗೇ ಹೇಳುವ ಹಾಗೆ ಸೇರಿಸಿದರು, “ಎರಡು ಸಲ. ಚಾ ಕುಡಿದು ವಾಪಾಸು ಹೋದೆ.”

ತುಕ್ರಪ್ಪನವರು ತೊಡೆ ತಟ್ಟಿದರು. “ಅಲ್ಲಿಂದ ಇಲ್ಲಿಗೆ ರಿಕ್ಷಾ ಸಿಗ್ತದೆ ಮಾರಾಯಾ!”

ಶ್ರಾವ್ಯಾ ಎದ್ದು ಒಳಗೆ ಹೋದಳು. ಮುರಳಿಯವರ ಮುಖ ನೋಡಬೇಕಿತ್ತು ನೀನು. ಐದು ನಿಮಿಷದಲ್ಲಿ ಒಂದು ಲೋಟ ತಂದು ಅವರ ಕೈಗೇ ಕೊಟ್ಟಳು. “ಮೂರನೆಯ ಚಾ ಇಲ್ಲಿ ಕುಡಿಯಿರಿ,” ಎಂದಳು. ಸಕ್ಕರೆ ಸಾಕಾ ಎಂದು ಅವಳು ಕೇಳಲಿಲ್ಲ, ಸಕ್ಕರೆ ಇತ್ತೋ ಇಲ್ಲವೋ ಅವರಿಗೂ ಗೊತ್ತಾದ ಹಾಗೆ ಕಾಣಲಿಲ್ಲ. ವಾಗ್ದೇವಿಯಕ್ಕ ನನ್ನ ಕೈಯನ್ನು ಮೆಲ್ಲಗೆ ಒತ್ತಿದರು. ಮದುವೆ ಫೆಬ್ರುವರಿಗೆ.

ಫಿಲ್ಟರಿಗೆ ಕಲಿತದ್ದನ್ನೆಲ್ಲ ಮರೆಸಿ ನಿಝಾಮಣ್ಣ ಮೊದಲಿನಿಂದ ಶುರುಮಾಡಿದ್ದಾನೆ. ಈಗ ಬೆಳಿಗ್ಗೆ ಬಂದ ಕೂಡಲೇ ಕ್ವಾರಂಟೈನ್ ತೆರೆದು ಪೂರ್ತಿ ಓದುತ್ತೇನೆ. ಬಳೆಯವರೂ ಲಾಟರಿಯವರೂ ಪುನಃ ಬರುತ್ತಿದ್ದಾರೆ, ಬರಲಿ. ಕರೆದ ಮನೆಗಳಲ್ಲಿ ಇಬ್ಬರಿಗೆ ಮಾತ್ರ ಸಿಟ್ಟು ಇಳಿದಿಲ್ಲ. ಅಲ್ಲಿಗೆ ನಾನೇ ಹೋಗಿ ಬರುತ್ತೇನೆ ಎಂದಿದ್ದೇನೆ.

ಬೆಳ್ತಂಗಡಿಯಿಂದ ವಾಪಾಸು ಬರುವಾಗ ಬಸ್ಸಿನಲ್ಲಿ ನಿಲ್ಲಲಿಕ್ಕೂ ಜಾಗ ಇರಲಿಲ್ಲ. ಕಂಬ ಹಿಡಿದುಕೊಂಡು ನಾನು ವಾಗ್ದೇವಿಯಕ್ಕನಿಗೆ ಏಣಿಯ ಮಾತು ಹೇಳಿದೆ. ಅವರು ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡರು. ಆಗಲೇ ಅವರ ಫೋನು ಹೊಡೆಯಿತು. ರವೂಫಾಕ. ಮೊಬೈಲ್ ರಿಪೇರಿಯ ಹುಡುಗನೊಬ್ಬ ಕೋಣೆ ನೋಡಲು ಬಂದು ಬೇಕರಿಯಲ್ಲೇ ಕೂತಿದ್ದಾನಂತೆ, ಜನವರಿಗೆ ಬೇಕಂತೆ, ಬೀಗದಕೈ ಯಾವಾಗ ಸಿಗುತ್ತದೆ ಎಂದು ಕೇಳುತ್ತಿದ್ದರು.

ವಾಗ್ದೇವಿಯಕ್ಕ ಒಂದು ಕಿವಿ ಮುಚ್ಚಿಕೊಂಡು, ಹಿಂದಿನ ಬೆಂಚಿನ ಹುಡುಗರನ್ನು ಸುಮ್ಮನಾಗಿಸುವ ಸ್ವರದಲ್ಲಿ ಹೇಳಿದರು:

“ರವೂಫಾಕ, ಕೋಣೆ ಖಾಲಿ ಇಲ್ಲ ಅಂತ ಹೇಳಿ. ಆ ಹುಡುಗನಿಗೆ ಮದುವೆ ಆಗಿದೆಯಾ ಕೇಳಿ. ಆಗದಿದ್ರೆ ನಾಳೆ ಹತ್ತಕ್ಕೆ ಮೇಲೆ ಬರ್ಲಿ, ಹೆಸರು ಬರೆದುಕೊಳ್ತೇವೆ.”

ರವೂಫಾಕ ನಕ್ಕದ್ದು ಇಡೀ ಬಸ್ಸಿಗೆ ಕೇಳಿಸಿತು.

ನಿನ್ನ
ಶುಭಶ್ರೀ